ಪ್ರೊಸೆಸರ್ ಐಡಿ ನೋಡಿ ಕಂಪ್ಯೂಟರ್ ಗುರುತಿಸುವ ಸಾಫ್ಟ್‌ವೇರ್ ಬಗ್ಗೆ ಹುಷಾರಾಗಿರಿ

ಸಿ ಶಾರ್ಪ್‌ನಲ್ಲಿ (ಪ್ರೋಗ್ರಾಂ ಬರೆಯುವ ಒಂದು ಭಾಷೆ) ನಾಲ್ಕೈದು ಸಾಲು ಬರೆದರೆ ಕಂಪ್ಯೂಟರಿನ ಪ್ರೊಸೆಸರ್ ಐಡಿ ಸಿಗುತ್ತದೆ. ವಿಂಡೋಸ್‌ನ ಡಬ್ಲ್ಯುಎಂಐ ಅನ್ನುವ, ಕಂಪ್ಯೂಟರಿನ ವಿವರ ಕೊಡುವ ವ್ಯವಸ್ಥೆಯನ್ನು ಕೇಳಿದರೆ ಸಾಕು, 16 ಅಂಕಿ-ಅಕ್ಷರಗಳ ಒಂದು ಸಾಲು ಬರುತ್ತದೆ. ನೋಡಲು ಥೇಟ್ ಸೀರಿಯಲ್ ನಂಬರ್. ಆದರೆ ಅದು ಸೀರಿಯಲ್ ನಂಬರ್ ಅಲ್ಲವೇ ಅಲ್ಲ. ಪ್ರೋಗ್ರಾಂ ಬರೆಯುವವರು, ಬರೆಸಿಕೊಳ್ಳುವವರು ಇಬ್ಬರೂ ದಯವಿಟ್ಟು ಇದನ್ನು ಓದಿ.

ನಮ್ಮ ಭಾವನವರದು ಬಟ್ಟೆ ಅಂಗಡಿ. ಬಿಲ್ಲಿಂಗ್ ಕೌಂಟರುಗಳಿಗೆ ಒಂದೇ ಸಲ ಅಸೆಂಬಲ್ ಮಾಡಿಸಿದ ಕಂಪ್ಯೂಟರುಗಳು, ಎಲ್ಲದರಲ್ಲೂ ಮೂರನೇ ತಲೆಮಾರಿನ ಇಂಟೆಲ್ ಚಿಪ್. ಸಾಫ್ಟ್‌ವೇರನ್ನು ಹೊರಗಿನವರಿಂದ ಮಾಡಿಸಿದ್ದರು. ಅದು ಪ್ರತಿ ಕೌಂಟರನ್ನೂ ಪ್ರೊಸೆಸರ್ ಐಡಿಯಿಂದ ಗುರುತಿಸುತ್ತಿತ್ತು. ರಾತ್ರಿ ಅಂಗಡಿ ಮುಚ್ಚುವಾಗ ಎಲ್ಲ ಬಿಲ್ಲುಗಳೂ ಮುಖ್ಯ ಕಂಪ್ಯೂಟರಿಗೆ ಹೋಗುತ್ತಿದ್ದವು.

ಎಲ್ಲ ಕೌಂಟರಿನ ಐಡಿಯೂ ಒಂದೇ ಆಗಿತ್ತು. ಹಾಗಾಗಿ ಒಂದು ಕೌಂಟರಿನ 112ನೇ ಬಿಲ್ಲಿನ ಮೇಲೆ ಇನ್ನೊಂದರ 112ನೇ ಬಿಲ್ಲು ಕೂರುತ್ತಿತ್ತು. ಎಲ್ಲೂ ಎರರ್ ಇಲ್ಲ, ಸುಮ್ನೆ ಹಳೆಯದು ಅಳಿಸಿಹೋಗುತ್ತಿತ್ತು. ಲೆಕ್ಕಕ್ಕಿಂತ ನಗದು ಜಾಸ್ತಿ, ಲೆಕ್ಕಕ್ಕಿಂತ ಸ್ಟಾಕ್ ಕಮ್ಮಿ. ದೀಪಾವಳಿ ಗಡಿಬಿಡಿಯಲ್ಲಿ ನಗದಿನ ಕಡೆ ಯಾರೂ ಗಮನ ಕೊಡಲಿಲ್ಲ. ಸೀರೆ ಕಮ್ಮಿಯಾಗಿದ್ದು ಮಾತ್ರ ಎಲ್ಲರಿಗೂ ಕಂಡಿತು. ಅನುಮಾನ ನೇರವಾಗಿ ಗೋಡೌನ್ ನೋಡಿಕೊಳ್ಳುವ ಹುಡುಗನ ಮೇಲೆ ಹೋಯಿತು. ಇಡೀ ಪ್ರಕರಣದಲ್ಲಿ ನನಗೆ ತುಂಬಾ ನೋವು ಕೊಟ್ಟಿದ್ದು ಇದೇ. ಕೊನೆಗೆ ಗಿರಾಕಿಯೊಬ್ಬರು ಸೀರೆ ಬದಲಾಯಿಸಲು ಬಿಲ್ಲು ತಂದರು. ಆ ನಂಬರ್ ಹಾಕಿದರೆ ತೆರೆಯ ಮೇಲೆ ಬೇರೆ ಯಾರದ್ದೋ ಪಂಚೆ ಬಿಲ್ಲು. ಭಾವ ನನ್ನನ್ನು ಕರೆಸಿದ್ದು ಆಗ.

ಚಿಪ್‌ನೊಳಗೆ ಸಿಪಿಯುಐಡಿ ಅನ್ನುವ ಒಂದು ಇನ್‌ಸ್ಟ್ರಕ್ಷನ್ ಇದೆ. ಅದು ಹೇಳುವುದು ಚಿಪ್ಪಿನ ಫ್ಯಾಮಿಲಿ, ಮಾಡೆಲ್, ಸ್ಟೆಪಿಂಗ್ (ಅದೇ ಚಿಪ್ಪಿನ ಎಷ್ಟನೇ ತಿದ್ದುಪಡಿ ಅನ್ನುವುದು) ಮತ್ತು ಯಾವ ಯಾವ ಸೌಲಭ್ಯಗಳಿವೆ ಅನ್ನುವುದು. ಇವನ್ನೇ ಜೋಡಿಸಿ ಡಬ್ಲ್ಯುಎಂಐ ಆ 16 ಅಕ್ಷರ ಕೊಡುತ್ತದೆ. ಅಂದರೆ ಒಂದೇ ಮಾಡೆಲ್, ಒಂದೇ ಸ್ಟೆಪಿಂಗ್ ಇರುವ ಚಿಪ್ಪುಗಳಿಗೆ ಸಾಮಾನ್ಯವಾಗಿ ಒಂದೇ ಉತ್ತರ. ಅಷ್ಟೇ ಅಲ್ಲ, ಐ3-3220 ಮತ್ತು ಐ5-3470 ಬೇರೆ ಬೇರೆ ಬೆಲೆಯ ಚಿಪ್ಪುಗಳಾದರೂ ಎರಡರ ಐಡಿಯೂ 000306ಎ9 ಎಂದೇ ಮುಗಿಯುತ್ತದೆ.

ನಿಜವಾದ ಸೀರಿಯಲ್ ನಂಬರ್ ಒಂದು ಕಾಲದಲ್ಲಿ ಇತ್ತು. 1999ರಲ್ಲಿ ಬಂದ ಪೆಂಟಿಯಂ 3ರಲ್ಲಿ ಇಂಟೆಲ್ 96 ಬಿಟ್‌ಗಳ ನಂಬರ್ ಇಟ್ಟಿತ್ತು. ಜನರ ಖಾಸಗಿತನಕ್ಕೆ ಧಕ್ಕೆ ಅಂತ ದೊಡ್ಡ ವಿರೋಧ ಬಂತು. ಪೆಂಟಿಯಂ 4ರಲ್ಲಿ ಅದನ್ನು ಬಿಟ್ಟರು. ತೆಗೆದಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ.

ಭಾಷೆ ಬದಲಾಯಿಸಿದರೂ ಪ್ರಯೋಜನವಿಲ್ಲ. ಪೈಥಾನ್‌ನ ಪ್ಲಾಟ್‌ಫಾರ್ಮ್ ಮಾಡ್ಯೂಲ್ ವಿಂಡೋಸ್‌ನಲ್ಲಿ 'ಫ್ಯಾಮಿಲಿ 6 ಮಾಡೆಲ್ 58 ಸ್ಟೆಪಿಂಗ್ 9' ಅನ್ನುತ್ತದೆ. ಅದೇ ವಿಷಯ, ಬೇರೆ ರೂಪ. ಲಿನಕ್ಸ್‌ನಲ್ಲಿ ಎಷ್ಟೋ ಸಲ ಖಾಲಿ ಉತ್ತರ ಬರುತ್ತದೆ. ಜಾವಾದಲ್ಲಿ ಎನ್ವಿರಾನ್‌ಮೆಂಟ್ ವೇರಿಯಬಲ್ (ಸಿಸ್ಟಂ ಹೆಸರಿಟ್ಟು ಇಟ್ಟುಕೊಂಡಿರುವ ಮಾಹಿತಿ) ಓದುವವರಿದ್ದಾರೆ, ಅದನ್ನು ಯಾರು ಬೇಕಾದರೂ ಬದಲಾಯಿಸಬಹುದು. ವರ್ಚುವಲ್ ಮಷೀನ್‌ನಲ್ಲಂತೂ (ಒಂದು ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದ ಸೃಷ್ಟಿಸಿದ ಇನ್ನೊಂದು ಕಂಪ್ಯೂಟರ್) ಚಿಪ್ ಬದಲು ಅದನ್ನು ನಡೆಸುವ ಹೈಪರ್‌ವೈಸರ್ ಉತ್ತರ ಕೊಡಬಹುದು.

ಸಾಫ್ಟ್‌ವೇರ್ ಮಾಡಿದವರು ಮೊದಲು ಮದರ್‌ಬೋರ್ಡ್ ಸೀರಿಯಲ್ ನಂಬರ್ ಸೇರಿಸಿ ತೇಪೆ ಹಾಕಿದರು. ಅಲ್ಲಿ ಬಂದ ಉತ್ತರ 'ಟು ಬಿ ಫಿಲ್ಡ್ ಬೈ ಓಇಎಂ'. ತಯಾರಕರು ತುಂಬಬೇಕಾದ ಜಾಗ ಖಾಲಿಯೇ ಉಳಿದಿತ್ತು! ವಿಂಡೋಸ್‌ನ ಮಷೀನ್ ಜಿಯುಐಡಿ (ಇನ್‌ಸ್ಟಾಲ್ ಆಗುವಾಗ ವಿಂಡೋಸ್ ಇಟ್ಟುಕೊಳ್ಳುವ ಗುರುತು) ಕೂಡ ಹೀಗೇ ಕೈ ಕೊಡುತ್ತದೆ. ಸಿಸ್‌ಪ್ರೆಪ್ (ನಕಲಿಗೆ ಮೊದಲು ಇಂಥ ಗುರುತುಗಳನ್ನು ತೆಗೆಯುವ ವಿಂಡೋಸ್ ಸಾಧನ) ಮಾಡದೆ ಒಂದು ಡಿಸ್ಕನ್ನು ಕ್ಲೋನ್ ಮಾಡಿದರೆ ಅದೂ ಎಲ್ಲ ಕಡೆ ಒಂದೇ.

ಈಗ ಇನ್‌ಸ್ಟಾಲ್ ಮಾಡುವಾಗಲೇ ಪ್ರತಿ ಕೌಂಟರಿಗೂ ಮುಖ್ಯ ಕಂಪ್ಯೂಟರ್ ಒಂದು ಹೊಸ ಗುರುತು ಕೊಡುತ್ತದೆ. ಡೇಟಾಬೇಸಿನಲ್ಲಿ ಕೌಂಟರ್ ಮತ್ತು ಬಿಲ್ ನಂಬರ್ ಎರಡೂ ಸೇರಿ ಯೂನಿಕ್ ಕೀ, ಅಂದರೆ ಆ ಜೋಡಿ ಒಂದೇ ಸಲ ಇರಬಹುದು. ಅದೇ ಜೋಡಿ ಇನ್ನೊಮ್ಮೆ ಬಂದರೆ ಬರೆಯುವುದಿಲ್ಲ, ಕೂಗಿ ಹೇಳುತ್ತದೆ. ಕೌಂಟರುಗಳಲ್ಲೇ ಉಳಿದಿದ್ದ ಪ್ರತಿಗಳಿಂದ ಹಳೆಯ ಬಿಲ್ಲುಗಳನ್ನು ಮತ್ತೆ ಸೇರಿಸಿದೆವು. ಜಿಎಸ್‌ಟಿ ಲೆಕ್ಕವನ್ನೂ ತಿದ್ದಬೇಕಾಯಿತು. ಭಾವ ಆ ಹುಡುಗನನ್ನು ಎಲ್ಲರ ಎದುರೇ ಕರೆದು ಕ್ಷಮೆ ಕೇಳಿದರು.

ನಿಮ್ಮ ಅಂಗಡಿ, ಕ್ಲಿನಿಕ್, ಸೊಸೈಟಿಯಲ್ಲಿ ಇಂಥ ಸಾಫ್ಟ್‌ವೇರ್ ಇದ್ದರೆ, ಕಂಪ್ಯೂಟರನ್ನು ಯಾವುದರಿಂದ ಗುರುತಿಸುತ್ತೀರಿ ಅಂತ ಮಾಡಿದವರನ್ನು ಕೇಳಿ. 'ಪ್ರೊಸೆಸರ್ ಐಡಿ' ಅಂದರೆ ಒಂದೇ ಥರದ ಎರಡು ಕಂಪ್ಯೂಟರಿನಲ್ಲಿ ಅದನ್ನು ನಿಮ್ಮ ಎದುರೇ ತೆಗೆದು ತೋರಿಸಲು ಹೇಳಿ.