ಕೃತ್ತಿಕೆ, ರೋಹಿಣಿ, ಪುಷ್ಯ: ಮಲೆನಾಡಿನ ಇರುಳಿಗೆ 10×50 ಬೈನಾಕ್ಯುಲರ್

ನಕ್ಷತ್ರಗಳ ಮುಪ್ಪನ್ನು ಕಣ್ಣಾರೆ ನೋಡಲು ದೊಡ್ಡ ವರ್ಧನೆ ಬೇಡ, ಅಗಲವಾದ ನೋಟ ಬೇಕು. ರೋಹಿಣಿಯ ಸುತ್ತಲಿನ ಹಯಾಡಿಸ್ ನಕ್ಷತ್ರಗುಚ್ಛ ಐದೂವರೆ ಡಿಗ್ರಿ ಹರಡಿದೆ. 6.5 ಡಿಗ್ರಿ ನೋಟದ 10×50ರಲ್ಲಿ (ಹತ್ತು ಪಟ್ಟು ವರ್ಧನೆ, 50 ಮಿ.ಮೀ. ಅಗಲದ ಮುಂದಿನ ಲೆನ್ಸ್) ಅದು ಇಡಿಯಾಗಿ ಕಾಣುತ್ತದೆ, ಟೆಲಿಸ್ಕೋಪಿನಲ್ಲಿ ಚೂರುಚೂರಾಗುತ್ತದೆ.

ಗುಚ್ಛದ ನಕ್ಷತ್ರಗಳೆಲ್ಲ ಒಟ್ಟಿಗೆ ಹುಟ್ಟಿದವು, ನಮ್ಮಿಂದ ಹೆಚ್ಚುಕಡಿಮೆ ಒಂದೇ ದೂರದವು. ಅವುಗಳ ಹಣೆಬರಹ ಬರೆಯುವುದು ದ್ರವ್ಯರಾಶಿ. ಭಾರವಾದವು ಒಡಲಿನ ಹೈಡ್ರೋಜನ್ ಬೇಗ ಮುಗಿಸಿ, ಉಬ್ಬಿ ಕೆಂಪಾಗುತ್ತವೆ. ಸುಮಾರು 10 ಕೋಟಿ ವರ್ಷದ ಕೃತ್ತಿಕೆಯಲ್ಲಿ ಎದ್ದು ಕಾಣುವವೆಲ್ಲ ನೀಲಿ-ಬಿಳಿ. ಸುಮಾರು 65 ಕೋಟಿ ವರ್ಷದ ಹಯಾಡಿಸ್‌ನಲ್ಲಿ ಆಗಲೇ ಹೀಗೆ ಉಬ್ಬಿದ ನಾಲ್ಕು ಕಿತ್ತಳೆ ದೈತ್ಯಗಳಿವೆ. ರೋಹಿಣಿಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ: ಅದು 65 ಜ್ಯೋತಿರ್ವರ್ಷ ದೂರದಲ್ಲಿದೆ, ಗುಚ್ಛ ಇರುವುದು 150ರ ಆಚೆ. ಫೋಕಸ್ ತುಸು ಕೆಡಿಸಿ ನೋಡಿ, ಬಣ್ಣ ಹರಡಿಕೊಂಡು ಸ್ಪಷ್ಟವಾಗುತ್ತದೆ.

ಅದಕ್ಕೇ ಕೆಂಪಗೆ ಹೊಳೆಯುವ ಲೇಪನದ ಲೆನ್ಸ್ ಕೊಳ್ಳಲೇಬಾರದು. ಕೆಂಪು ಬೆಳಕನ್ನು ಅದು ಹೊರಗೇ ತಳ್ಳುತ್ತದೆ, ಮುದಿ ನಕ್ಷತ್ರದ ಗುರುತೇ ಹೋಗುತ್ತದೆ. ಜೂಮ್ ಮಾದರಿಯೂ ಬೇಡ, ನೋಟ ಕಿರಿದು. ಅಂಗಡಿಯಲ್ಲೇ ತೋಳು ಚಾಚಿ ಹಿಡಿದು ಐಪೀಸಿನ (ಕಣ್ಣಿಡುವ ಲೆನ್ಸಿನ) ಬೆಳಕಿನ ಬೊಟ್ಟು ನೋಡಿ. ದುಂಡಗಿದ್ದರೆ ಒಳ್ಳೆಯ ಗಾಜಿನ ಬಾಕ್-4 ಪ್ರಿಸಂ. ಅಂಚು ಕತ್ತರಿಸಿ ಚೌಕದಂತಿದ್ದರೆ ಅಗ್ಗದ ಗಾಜಿನ ಬಿಕೆ-7. ದೂರದ ಕಂಬದ ತುದಿ ಎರಡಾಗಿ ಕಂಡರೆ ಪ್ರಿಸಂ ಜರುಗಿದೆ, ಬೇರೆಯದನ್ನು ಕೇಳಿ.

ಚಿಕ್ಕಮಗಳೂರಿನಲ್ಲಿ ಜನವರಿಯ ಅಮಾವಾಸ್ಯೆಯ ಆಸುಪಾಸು ಒಳ್ಳೆಯ ಸಮಯ. ಕಾಫಿ ಹರಡಿದ ಕಣದ ಅಂಚಿನಷ್ಟು ಬಯಲು ಸಾಕು. ರಾತ್ರಿ ಎಂಟರ ಸುಮಾರಿಗೆ ಕೃತ್ತಿಕೆ ಬಹುತೇಕ ನೆತ್ತಿಯ ಮೇಲಿರುತ್ತದೆ, ಟ್ರೈಪಾಡ್ ಕೆಲಸಕ್ಕೆ ಬಾರದು. ಚಾಪೆ ಹಾಸಿ ಮಲಗಿ ನೋಡಿ. ಹತ್ತರ ಹೊತ್ತಿಗೆ ಪೂರ್ವದಲ್ಲಿ ಪುಷ್ಯದ ಗುಚ್ಛ ಮೇಲೇರಿರುತ್ತದೆ, ಹಯಾಡಿಸ್‌ನದೇ ವಯಸ್ಸು. ಅಲ್ಲಿಂದ ದಕ್ಷಿಣಕ್ಕೆ 8 ಡಿಗ್ರಿ ಸರಿದರೆ ಎಂ 67 ಎಂಬ ಗುಚ್ಛ, ಸುಮಾರು 400 ಕೋಟಿ ವರ್ಷದ್ದು, ನಮ್ಮ ಸೂರ್ಯನ ಓರಗೆಯದು. ಇಲ್ಲಿ ಈ ಬೈನಾಕ್ಯುಲರ್ ಸೋಲುತ್ತದೆ: ಕಾಣುವುದು ಮಸುಕು ಮಚ್ಚೆ ಮಾತ್ರ. ಅದರ ಕೆಂಪು ದೈತ್ಯಗಳನ್ನು ಬಿಡಿಸಿ ನೋಡಲು ಟೆಲಿಸ್ಕೋಪ್ ಬೇಕು.

ಇನ್ನೊಂದು ಕಾಟ ಬೂಸ್ಟು. ಮಳೆಗಾಲದಲ್ಲಿ ಬಟ್ಟೆ ಚೀಲದಲ್ಲೇ ಬಿಟ್ಟರೆ ಲೆನ್ಸಿನೊಳಗೆ ಜೇಡರ ಬಲೆಯಂತೆ ಹಬ್ಬುತ್ತದೆ, ಲೇಪನವನ್ನೂ ತಿನ್ನುತ್ತದೆ. ಇಬ್ಬನಿ ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ. ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಬಳಸಿ.