ಏರ್ ರೈಫಲ್‌ಗೆ ‘ಪವರ್ ಏರಿಸಿ’ ಕೊಡುವವರ ಬಗ್ಗೆ ಒಂದು ಎಚ್ಚರಿಕೆ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಗುರಿ ಅಭ್ಯಾಸಕ್ಕೆಂದು 0.177 ಇಂಚು ಬೋರಿನ (ನಳಿಗೆಯ ಒಳ ಅಗಲ) ಸ್ಪ್ರಿಂಗ್ ಏರ್ ರೈಫಲ್ ಇಟ್ಟುಕೊಂಡಿರುವವರು, ಅದನ್ನು ರಿಪೇರಿಗೆ ಕೊಡುವ ಮುನ್ನ ಇದನ್ನು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಒಂದು ಸಣ್ಣ ರಬ್ಬರ್ ರಿಂಗ್ ಬದಲಿಸಲೆಂದು ಬಳ್ಳಾರಿಯ ಒಂದು ಅಂಗಡಿಗೆ ಕೊಟ್ಟ ರೈಫಲ್, ನಾನು ಕೇಳದೇ ಇದ್ದ ‘ಅಪ್‌ಗ್ರೇಡ್’ ಹೊತ್ತು ಮರಳಿ ಬಂದು, ನನ್ನ ಅಕ್ಕನ ಮಗನ ಹೆಬ್ಬೆರಳನ್ನು ಜಜ್ಜಿತು. ಅಂಗಡಿಯ ಹೆಸರನ್ನು ನಾನು ಬರೆಯುವುದಿಲ್ಲ. ಅಲ್ಲಿ ನಡೆದ ಕೆಲಸ ಎಂಥದ್ದು, ಅದು ಏಕೆ ಅಪಾಯಕಾರಿ ಎಂಬುದು ತಿಳಿದರೆ ಸಾಕು. ಅದೇ ಕೆಲಸವನ್ನು ಬೇರೆ ಯಾರು ಮಾಡಿದರೂ ನಿಮಗೆ ಗುರುತು ಹತ್ತುತ್ತದೆ.

ಮೊದಲು ರೈಫಲ್‌ಗೆ ಇದ್ದ ನಿಜವಾದ ದೋಷವನ್ನು ಹೇಳುತ್ತೇನೆ. ಇದು ಬ್ಯಾರಲ್ ಅನ್ನು ಕೆಳಕ್ಕೆ ಮಡಚಿ ಕಾಕ್ ಮಾಡುವ ಬಗೆಯದು. ಮಡಚಿದಾಗ ಒಳಗಿನ ಪಿಸ್ಟನ್ ಹಿಂದಕ್ಕೆ ಸರಿದು, ಸ್ಪ್ರಿಂಗ್ ಒತ್ತಿಕೊಂಡು, ಟ್ರಿಗರಿನ ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಎಳೆದಾಗ ಪಿಸ್ಟನ್ ಮುನ್ನುಗ್ಗಿ, ಒತ್ತಿದ ಗಾಳಿ ಪೆಲೆಟ್ಟನ್ನು, ಅಂದರೆ ಸಣ್ಣ ಗುಂಡನ್ನು, ತಳ್ಳುತ್ತದೆ. ಬ್ಯಾರಲ್ ಬಂದು ಕೂಡುವ ಜಾಗದಲ್ಲಿ ಗಾಳಿ ಸೋರದಂತೆ ಒಂದು ರಬ್ಬರ್ ಸೀಲ್ ಇರುತ್ತದೆ. ನಮ್ಮದರಲ್ಲಿ ಅದೇ ಒಣಗಿ ಚಪ್ಪಟೆಯಾಗಿತ್ತು. ಹತ್ತು ಮೀಟರ್ ದೂರದ ಗುರಿಯಲ್ಲಿ ಪೆಲೆಟ್‌ಗಳು ದಿನೇ ದಿನೇ ಕೆಳಗೆ ಬೀಳತೊಡಗಿದಾಗ, ಕುಡತಿನಿ ಕಡೆಯ ನಮ್ಮ ಹೊಲದಲ್ಲಿ ಮಣ್ಣಿನ ದಿಬ್ಬಕ್ಕೆ ಗುರಿ ಹಿಡಿದು, ಆ ಸಂದಿಯ ಮೇಲೆ ತೆಳುವಾದ ಟಿಶ್ಯೂ ಕಾಗದದ ಪಟ್ಟಿ ಇಟ್ಟು ಹಾರಿಸಿ ನೋಡಿದೆವು. ಪಟ್ಟಿ ಪಟಪಟನೆ ಹಾರಿತು. ಗಾಳಿ ಅಲ್ಲೇ ಸೋರುತ್ತಿದೆ ಎಂಬುದಕ್ಕೆ ಇದಕ್ಕಿಂತ ಸರಳವಾದ ಪರೀಕ್ಷೆ ಇಲ್ಲ. ಆದ್ದರಿಂದ ಅಂಗಡಿಗೆ ಹೋದಾಗ, ಈ ಸೀಲ್ ಒಂದನ್ನು ಮಾತ್ರ ಬದಲಿಸಿ, ಉಳಿದದ್ದನ್ನು ಮುಟ್ಟಬೇಡಿ ಎಂದು ಸ್ಪಷ್ಟವಾಗಿ ಹೇಳಿಯೇ ಕೊಟ್ಟಿದ್ದೆ.

ಮರಳಿ ತರಲು ಹೋದಾಗ ಅವರು ಬಹಳ ಉತ್ಸಾಹದಲ್ಲಿದ್ದರು. “ವಾಷರ್ ಒಂದೇ ಹಾಕಿದ್ರ ಏನ್ ಬಂತು ಸಾರ್, ಸ್ಪ್ರಿಂಗೂ ಬದಲಿ ಮಾಡೀನಿ, ಟ್ರಿಗರ್ ಹೂವಿನಂಗ ಮಾಡೀನಿ, ಈಗ ಹೊಡೆದು ನೋಡ್ರಿ” ಎಂದರು. ಹಳೆಯ ಸ್ಪ್ರಿಂಗ್ ಎಲ್ಲಿ ಎಂದು ಕೇಳಿದರೆ ಗುಜರಿಗೆ ಹೋಯಿತು ಎಂಬ ಉತ್ತರ ಬಂತು. ಬಿಲ್ಲಿನಲ್ಲಿ ‘ಸರ್ವಿಸ್’ ಎಂಬ ಒಂದೇ ಪದವಿತ್ತು.

ಮೊದಲ ಹೊಡೆತಗಳಿಗೇ ಪಟಾಕಿ ಸಿಡಿದಂತಹ ಸದ್ದಾಯಿತು. ಬ್ಯಾರಲ್ ತುದಿಯಿಂದ ನೀಲಿ ಹೊಗೆ ಹೊರಟು, ಸುಟ್ಟ ಎಣ್ಣೆಯ ವಾಸನೆ ಬಂತು. ಏರ್ ರೈಫಲ್ ಬಳಸುವವರು ಇದನ್ನು ಡೀಸಲಿಂಗ್ ಎನ್ನುತ್ತಾರೆ. ಪಿಸ್ಟನ್ ಮುನ್ನುಗ್ಗಿದಾಗ ಅದರ ಮುಂದಿನ ಗಾಳಿ ಕಣ್ಣು ಮಿಟುಕಿಸುವಷ್ಟರಲ್ಲಿ ಒತ್ತಿಕೊಂಡು ನೂರಾರು ಡಿಗ್ರಿ ಕಾಯುತ್ತದೆ, ಅಲ್ಲಿ ಎಣ್ಣೆಯ ಹನಿಗಳಿದ್ದರೆ ಡೀಸೆಲ್ ಎಂಜಿನ್ನಿನೊಳಗೆ ಆಗುವಂತೆಯೇ ಕಿಡಿ ಇಲ್ಲದೆ ಹೊತ್ತಿಕೊಳ್ಳುತ್ತವೆ. ಹೊಸ ರೈಫಲ್ ಕಾರ್ಖಾನೆಯ ಗ್ರೀಸಿನಿಂದಾಗಿ ಮೊದಮೊದಲು ಸ್ವಲ್ಪ ಹೊಗೆಯಾಡುವುದುಂಟು, ಅದು ತಾನಾಗಿ ನಿಲ್ಲುತ್ತದೆ. ನಮ್ಮದು ನಿಲ್ಲಲಿಲ್ಲ, ಏಕೆಂದರೆ ಗಾಳಿಯ ಕೋಣೆಯೊಳಗೆ ಯಾವುದೋ ಮಾಮೂಲಿ ಮಷಿನ್ ಎಣ್ಣೆಯನ್ನು ಧಾರಾಳವಾಗಿ ಸುರಿದಿದ್ದರು.

ಈ ಎಣ್ಣೆಯ ಅಭ್ಯಾಸ ಎಲ್ಲಿಂದ ಬಂತು ಎಂಬುದನ್ನು ನಾನು ಬಲ್ಲೆ, ಅದನ್ನು ಹೇಳುವುದು ನ್ಯಾಯ. ಹಳೆಯ ಕಾಲದ ಏರ್ ಗನ್‌ಗಳ ಪಿಸ್ಟನ್ನಿಗೆ ಚರ್ಮದ ವಾಷರ್ ಇರುತ್ತಿತ್ತು. ಚರ್ಮ ಒಣಗಿದರೆ ಗಾಳಿ ಹಿಡಿಯುವುದಿಲ್ಲವಾದ್ದರಿಂದ ಆಗಾಗ ಒಂದೆರಡು ಹನಿ ಎಣ್ಣೆ ಬೇಕೇ ಆಗುತ್ತಿತ್ತು. ಈಗಿನ ಬಹುತೇಕ ರೈಫಲ್‌ಗಳ ಸೀಲ್ ಸಿಂಥೆಟಿಕ್. ಅದಕ್ಕೆ ಎಣ್ಣೆಯ ಅಗತ್ಯ ಇಲ್ಲವೆಂದರೂ ನಡೆಯುತ್ತದೆ, ತೀರಾ ಬೇಕೆಂದರೆ ಗಾಳಿಯ ಕೋಣೆಗೆಂದೇ ಮಾರುವ, ಸುಲಭವಾಗಿ ಹೊತ್ತಿಕೊಳ್ಳದ ಸಿಲಿಕೋನ್ ಎಣ್ಣೆ ಒಂದು ಹನಿ ಸಾಕು. ಹೊಲಿಗೆ ಯಂತ್ರದ ಎಣ್ಣೆ, ಎಂಜಿನ್ ಆಯಿಲ್, ತುಕ್ಕು ಬಿಡಿಸುವ ಸ್ಪ್ರೇ ಇವು ಯಾವುವೂ ಆ ಕೋಣೆಯೊಳಗೆ ಹೋಗಬಾರದು. ಹಾಗೆಯೇ ಸಿಲಿಕೋನ್ ಎಣ್ಣೆ ಸ್ಪ್ರಿಂಗಿಗೆ ಆಗಿಬರುವುದಿಲ್ಲ. ಲೋಹಕ್ಕೆ ಲೋಹ ಉಜ್ಜುವ ಕಡೆ ಅದು ತಡೆಯುವುದಿಲ್ಲ. ಪಿಸ್ಟನ್ನಿನ ಮೈಗೆ ಮಾಲಿಬ್ಡಿನಮ್ ಪೇಸ್ಟ್ ತೆಳುವಾಗಿ, ಸ್ಪ್ರಿಂಗಿಗೆ ಜಿಗುಟಾದ ಗ್ರೀಸ್ ಸ್ವಲ್ಪ, ಇಷ್ಟೇ.

ಪರಿಚಿತರೊಬ್ಬರ ಬಳಿ ಪೆಲೆಟ್ಟಿನ ವೇಗ ಅಳೆಯುವ ಕ್ರೋನೋಗ್ರಾಫ್ ಇತ್ತು. 0.53 ಗ್ರಾಂ ತೂಕದ ಪೆಲೆಟ್ ಒಂದು ಸಲ ಸೆಕೆಂಡಿಗೆ 230 ಮೀಟರ್, ಮುಂದಿನ ಸಲ 290 ಮೀಟರ್ ತೋರಿಸಿತು. ಇಷ್ಟು ಏರುಪೇರಿದ್ದರೆ ಗುರಿ ನಿಲ್ಲುವ ಮಾತೇ ಇಲ್ಲ. ಅದಕ್ಕಿಂತ ದೊಡ್ಡ ವಿಷಯ ಕಾನೂನಿನದು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಅಡಿಯಲ್ಲಿ ಬಂದ 2016ರ ನಿಯಮಗಳ ಪ್ರಕಾರ, 0.177 ಬೋರ್ ಮೀರಿದ ಅಥವಾ 20 ಜೂಲ್ ಶಕ್ತಿ ಮೀರಿದ ಏರ್ ಗನ್ನಿಗೆ ಪರವಾನಗಿ ಬೇಕು. ಕಿಲೋಗ್ರಾಂ ಲೆಕ್ಕದ ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಶಕ್ತಿ ಸಿಗುತ್ತದೆ. ಲೆಕ್ಕ ಹಾಕಿದರೆ 230 ಮೀಟರಿಗೆ 14 ಜೂಲ್, 290 ಮೀಟರಿಗೆ 22 ಜೂಲ್ ದಾಟುತ್ತದೆ. ಈ ಪೆಲೆಟ್ಟಿಗೆ ಮಿತಿ ಸುಮಾರು 275 ಮೀಟರ್. ಅಂದರೆ ಪರವಾನಗಿ ಬೇಡವೆಂದು ರಸೀದಿ ಸಮೇತ ಕೊಂಡ ನನ್ನ ರೈಫಲ್ಲನ್ನು, ನನಗೆ ತಿಳಿಸದೆ, ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಾರದ ಆಯುಧವನ್ನಾಗಿ ಮಾಡಿ ನನ್ನ ಕೈಗೆ ಕೊಟ್ಟಿದ್ದರು. ಪೊಲೀಸರು ಹಿಡಿದು ಪರೀಕ್ಷಿಸಿದ್ದರೆ ಉತ್ತರ ಹೇಳಬೇಕಾದವನು ನಾನೇ ಹೊರತು ಆ ಅಂಗಡಿಯವರಲ್ಲ.

ಬಲವಾದ ಸ್ಪ್ರಿಂಗಿನಿಂದ ವೇಗ ಅದೇ ಅನುಪಾತದಲ್ಲಿ ಏರುತ್ತದೆ ಎಂಬ ನಂಬಿಕೆಯೇ ತಪ್ಪು. ಕೋಣೆಯ ಅಳತೆ, ಗಾಳಿ ಹೊರಡುವ ರಂಧ್ರದ ಅಳತೆ ಬದಲಾಗದಿರುವಾಗ ಒತ್ತಲು ಸಿಗುವ ಗಾಳಿ ಅಷ್ಟೇ. ಹೆಚ್ಚುವರಿ ಬಲದ ಬಹುಪಾಲು ಪಿಸ್ಟನ್ನನ್ನು ಕೋಣೆಯ ತುದಿಗೆ ಅಪ್ಪಳಿಸಲು, ರೈಫಲ್ಲನ್ನು ಅದುರಿಸಲು ಹೋಗುತ್ತದೆ. ಸ್ಪ್ರಿಂಗ್ ರೈಫಲ್ಲಿನ ಅದುರುವಿಕೆ ಎರಡು ಕಡೆಗಿನದು: ಮೊದಲು ಹಿಂದಕ್ಕೆ, ಪಿಸ್ಟನ್ ತುದಿಗೆ ಬಡಿದ ಕ್ಷಣ ಮುಂದಕ್ಕೆ. ನಿಜವಾದ ಬಂದೂಕಿಗೆಂದು ಮಾಡಿದ ಒಳ್ಳೆಯ ದುರ್ಬೀನು ಕೂಡ ಈ ಮುಂದಿನ ಹೊಡೆತಕ್ಕೆ ಕೆಡುವುದುಂಟು. ನಮ್ಮದು ಏರ್ ರೈಫಲ್‌ಗೆಂದೇ ಕೊಂಡದ್ದಾಗಿದ್ದರೂ ಒಳಗಿನ ಅಡ್ಡಗೆರೆ ಕಿತ್ತು ವಾಲಿತು, ಸ್ಟಾಕಿನ (ಭುಜಕ್ಕೆ ಆನಿಸುವ ಹಿಡಿ) ಸ್ಕ್ರೂಗಳು ಎಷ್ಟು ಬಿಗಿದರೂ ಸಡಿಲವಾಗುತ್ತಿದ್ದವು.

ಹೊಗೆ ನೋಡಿದ ಮೇಲೆ ಅದನ್ನು ಹಾರಿಸುವುದು ಬೇಡವೆಂದು ತೀರ್ಮಾನಿಸಿ, ಸೀಲ್ ಕೂತಿದೆಯೇ ಎಂದು ಒಮ್ಮೆ ನೋಡಲು ಅಕ್ಕನ ಮಗ ಬ್ಯಾರಲ್ ಮಡಚಿದ. ಅವನು ಡಿಗ್ರಿ ಓದುತ್ತಿರುವವನು, ಶಿಸ್ತಿನ ಹುಡುಗ. ಬ್ಯಾರಲ್ ತೆರೆದಿರುವಾಗ ಒಂದು ಕೈ ಅದರ ಮೇಲೆ ಬಿಗಿಯಾಗಿ ಇರಬೇಕೆಂಬುದನ್ನು ಒಂದು ದಿನವೂ ಮರೆತವನಲ್ಲ. ಟ್ರಿಗರ್ ಮುಟ್ಟಿರಲಿಲ್ಲ. ಬಲಗೈ ಹೆಬ್ಬೆರಳು ಸೀಲಿನ ಅಂಚಿಗೆ ತಾಗಿದ್ದಾಗ ಕೊಕ್ಕೆ ತಾನಾಗಿ ಜಾರಿತು, ಬ್ಯಾರಲ್ ಮೇಲಕ್ಕೆ ಬಡಿಯಿತು. ಎಡಗೈ ಹಿಡಿತ ಅರ್ಧ ಹೊಡೆತವನ್ನು ತಡೆಯಿತು. ಉಳಿದ ಅರ್ಧಕ್ಕೇ ಉಗುರಿನಡಿ ರಕ್ತ ಹೆಪ್ಪುಗಟ್ಟಿ ಬೆರಳು ಕಪ್ಪಾಯಿತು. ಎಕ್ಸ್‌ರೇಯಲ್ಲಿ ಮೂಳೆ ಮುರಿದಿಲ್ಲವೆಂದು ಗೊತ್ತಾಗುವವರೆಗೆ ಅಕ್ಕನ ಮುಖ ನೋಡಲು ನನಗೆ ಆಗಲಿಲ್ಲ. ಆ ಕೈ ಬ್ಯಾರಲ್ ಮೇಲೆ ಇಲ್ಲದಿದ್ದರೆ ಬೆರಳ ತುದಿ ಹೋಗುತ್ತಿತ್ತು, ಇದರಲ್ಲಿ ನನಗೆ ಅನುಮಾನವಿಲ್ಲ. ಕೆಲವು ರೈಫಲ್‌ಗಳಲ್ಲಿ ಬ್ಯಾರಲ್ ತೆರೆದಿರುವಾಗ ಟ್ರಿಗರ್ ಕೆಲಸ ಮಾಡದಂತೆ ತಡೆ ಇರುತ್ತದೆ. ಆದರೆ ಕೊಕ್ಕೆಯ ಅಂಚೇ ಸವೆದು ಜಾರಿದರೆ ಆ ತಡೆಯನ್ನು ನಂಬಿಕೊಳ್ಳಲಾಗದು.

ರೈಫಲ್ಲನ್ನು ಬಿಚ್ಚಿ ತೋರಿಸಿದವರು, ಸ್ಪ್ರಿಂಗ್ ಕಂಪ್ರೆಸರ್ ಇಟ್ಟುಕೊಂಡು ವರ್ಷಗಳಿಂದ ಈ ಕೆಲಸ ಬಲ್ಲ ಹಿರಿಯರೊಬ್ಬರು. ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಯಾರೂ ಇದಕ್ಕೆ ಕೈ ಹಾಕಬಾರದು. ಕಾಕ್ ಆಗದೆ ಇದ್ದಾಗಲೂ ಒಳಗಿನ ಸ್ಪ್ರಿಂಗ್ ಒತ್ತಿಕೊಂಡೇ ಇರುತ್ತದೆ, ಹಿಂದಿನ ಮುಚ್ಚಳ ಬಿಟ್ಟರೆ ಅದು ಮುಖಕ್ಕೆ ಚಿಮ್ಮುತ್ತದೆ. ಬಿಳಿ ಬಟ್ಟೆಯ ಮೇಲೆ ಒಂದೊಂದಾಗಿ ಭಾಗಗಳನ್ನು ಇಟ್ಟಾಗ ಎಲ್ಲವೂ ಕಣ್ಣಿಗೆ ಕಂಡಿತು. ಪಿಸ್ಟನ್ ಸೀಲಿನ ಅಂಚು ಕಂದು ಬಣ್ಣಕ್ಕೆ ತಿರುಗಿ, ಒಂದು ಕಡೆ ಕರಗಿ ಸುರುಟಿತ್ತು. ಹೊಸ ಸ್ಪ್ರಿಂಗ್ ಬೇರಾವುದೋ ರೈಫಲ್ಲಿನದು. ಉದ್ದ ಹೆಚ್ಚಾಗಿದ್ದರಿಂದ ತುದಿಯನ್ನು ಕತ್ತರಿಸಿದ್ದರು, ಕತ್ತರಿಸಿದ ತುದಿಯನ್ನು ಸಪಾಟು ಮಾಡಿರಲಿಲ್ಲ, ಅದು ಪಿಸ್ಟನ್ನಿನ ಒಳಗೋಡೆಯನ್ನು ಕೆರೆದು ಗ್ರೀಸ್ ತುಂಬ ಬೂದುಬಣ್ಣದ ಲೋಹದ ಪುಡಿ ಬೆರೆತಿತ್ತು. ಕೊಕ್ಕೆಯನ್ನು ಬೆಳಕಿಗೆ ಹಿಡಿದರೆ ಅರದ ಗೀರುಗಳು ಹೊಳೆಯುತ್ತಿದ್ದವು. ಕಾರ್ಖಾನೆಯಲ್ಲಿ ಗಟ್ಟಿಗೊಳಿಸಿದ ಮೇಲ್ಪದರವನ್ನೇ ಉಜ್ಜಿ ತೆಗೆದಿದ್ದರಿಂದ, ಅದು ಬಳಸಿದಷ್ಟೂ ದುಂಡಗಾಗುತ್ತ ಹೋಗಿತ್ತು. ಅವರು ‘ಹೂವಿನಂಗ’ ಎಂದದ್ದು ಇದನ್ನೇ. ಇದೆಲ್ಲದರ ಜೊತೆಗೆ, ನಾನು ಬದಲಿಸಲು ಹೇಳಿದ್ದ ಬ್ಯಾರಲ್ ಸೀಲ್ ಹಳೆಯದೇ ಇತ್ತು!

ಅಂಗಡಿಗೆ ಹೋಗಿ ಭಾಗಗಳನ್ನು ಮುಂದಿಟ್ಟಾಗ, ಎಲ್ಲರೂ ಪವರ್ ಕೇಳುತ್ತಾರೆ, ನಿಮಗೂ ಬೇಕಾಗಿರುತ್ತದೆ ಎಂದುಕೊಂಡೆವು ಎಂದರು. ಹಣ ವಾಪಸು ಕೊಟ್ಟರು, ಬೆರಳಿನ ಮಾತಿಗೆ ಏನೂ ಹೇಳಲಿಲ್ಲ. ಎಲ್ಲರೂ ಪವರ್ ಕೇಳುತ್ತಾರೆ ಎಂಬುದು ಸುಳ್ಳಲ್ಲ, ಅದೇ ನನಗೆ ನೋವಿನ ಸಂಗತಿ. ಕೌಜುಗ, ಬೆಳವ ಹೊಡೆಯಲೆಂದು ಸಂಡೂರಿನ ಗುಡ್ಡಗಳತ್ತ ಏರ್ ಗನ್ ಹಿಡಿದು ಹೋಗುವವರಿಗೆ ಪವರ್ ಬೇಕು. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಗುರಿ ಅಭ್ಯಾಸಕ್ಕೆ ಪವರ್ ಬೇಡ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ಆ ಸ್ಪರ್ಧೆಯ ರೈಫಲ್‌ಗಳು ಪೆಲೆಟ್ಟನ್ನು ಕಳಿಸುವ ವೇಗ ಸೆಕೆಂಡಿಗೆ ಸುಮಾರು 170 ಮೀಟರ್ ಮಾತ್ರ. ಡಬ್ಬಿಯ ಮೇಲೆ ಸೆಕೆಂಡಿಗೆ 1,200 ಅಡಿ ಎಂದು ದೊಡ್ಡದಾಗಿ ಅಚ್ಚು ಹಾಕಿರುವುದನ್ನು ನೋಡಿ ಮರುಳಾಗಬೇಡಿ, ಅಂಥ ಅಂಕಿಗಳು ತೀರಾ ಹಗುರವಾದ ಪೆಲೆಟ್ ಹಾಕಿ ತೆಗೆದವು.

ಸ್ಪ್ರಿಂಗ್ ಬದಲು ಗ್ಯಾಸ್ ರ‍್ಯಾಮ್ ಹಾಕಿಸಿ ಎಂದು ಹೇಳುವವರೂ ಇದ್ದಾರೆ. ಅದು ಒತ್ತಿದ ನೈಟ್ರೋಜನ್ ತುಂಬಿ ಮುಚ್ಚಿದ ಕೊಳವೆ; ಸ್ಪ್ರಿಂಗಿನಂತೆ ತಿರುಚುವುದಿಲ್ಲ, ಹೆಚ್ಚು ಹೊತ್ತು ಕಾಕ್ ಆಗಿದ್ದರೂ ಬಳಲುವುದಿಲ್ಲ. ಆದರೆ 20 ಡಿಗ್ರಿಯಿಂದ 45 ಡಿಗ್ರಿಗೆ ಕಾದರೆ ಒಳಗಿನ ಒತ್ತಡ ಶೇ 8ರಷ್ಟು ಏರುತ್ತದೆ. ನಮ್ಮ ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟ ರೈಫಲ್ ಅದಕ್ಕಿಂತ ಹೆಚ್ಚು ಕಾಯುತ್ತದೆ. ನಿಮ್ಮದೇ ಮಾದರಿಗೆ ತಯಾರಕರು ಕೊಡುವ ರ‍್ಯಾಮ್ ಅಲ್ಲದಿದ್ದರೆ ಬೇಡ, ಅದನ್ನು ಬಿಚ್ಚುವ, ಕೊರೆಯುವ, ಕಾಯಿಸುವ ಯೋಚನೆಯಂತೂ ಬೇಡವೇ ಬೇಡ.

ನಮ್ಮ ಕಡೆ ರೈಫಲ್‌ಗೆ ನಿಜವಾಗಿ ಬೇಕಾದ ಆರೈಕೆ ಧೂಳಿನಿಂದ ರಕ್ಷಣೆ. ತೋರಣಗಲ್ಲು, ಸಂಡೂರು ರಸ್ತೆಯ ಅದಿರಿನ ಕೆಂಪು ಧೂಳು ಎಣ್ಣೆ ಹಚ್ಚಿದ ಜಾಗಕ್ಕೆ ಅಂಟಿ, ಗ್ರೀಸಿನೊಂದಿಗೆ ಬೆರೆತು ಲೋಹವನ್ನು ತಿನ್ನುತ್ತದೆ. ಹೊರಮೈ ಒರೆಸಿದ ಬಟ್ಟೆಯಲ್ಲಿ ಎಣ್ಣೆ ಕಾಣುವಷ್ಟು ಉಳಿಸಬೇಡಿ, ಬಟ್ಟೆಯ ಚೀಲದಲ್ಲಿ ಹಾಕಿಡಿ, ಬ್ಯಾರಲ್ ಸೀಲನ್ನು ಬೆರಳಿನಿಂದ ಮುಟ್ಟಿ ನೋಡುವುದಿದ್ದರೆ ಕಾಕ್ ಆಗದ ಸ್ಥಿತಿಯಲ್ಲೇ ನೋಡಿ. ಪೆಲೆಟ್ ಇಲ್ಲದೆ ಖಾಲಿ ಹಾರಿಸಬೇಡಿ; ಎದುರು ಗಾಳಿಯ ಮೆತ್ತೆ ಇಲ್ಲದೆ ಪಿಸ್ಟನ್ ನೇರವಾಗಿ ಬಡಿಯುತ್ತದೆ.

ರಿಪೇರಿಗೆ ಕೊಡುವಾಗ ಯಾವ ಭಾಗ ಬದಲಿಸಬೇಕು ಎಂಬುದನ್ನು ರಸೀದಿಯಲ್ಲೇ ಬರೆಸಿ, ಹಳೆಯ ಭಾಗ ವಾಪಸು ಬೇಕೆಂದೂ ಬರೆಸಿ. ಟ್ರಿಗರ್ ಹಗುರ ಮಾಡಿಕೊಡುತ್ತೇವೆ ಎಂದು ಅರ ಕೈಗೆತ್ತಿಕೊಳ್ಳುವವರ ಬಳಿ ಕೊಡಲೇಬೇಡಿ. ಈಗಾಗಲೇ ಇಂಥ ಕೆಲಸ ಮಾಡಿಸಿಕೊಂಡು ಬಂದ ರೈಫಲ್ ನಿಮ್ಮ ಮನೆಯಲ್ಲಿದ್ದರೆ, ಬಲ್ಲವರೊಬ್ಬರು ಅದರ ಕೊಕ್ಕೆಯನ್ನು ಬಿಚ್ಚಿ ನೋಡುವವರೆಗೆ ದಯವಿಟ್ಟು ಕಾಕ್ ಮಾಡಬೇಡಿ, ಮಕ್ಕಳ ಕೈಗೂ ಕೊಡಬೇಡಿ.