ಮಲ್ಪೆಯ ಉಪ್ಪುಗಾಳಿಯಲ್ಲಿ ಎಂಟು ಇಂಚಿನ ಡಾಬ್ಸೋನಿಯನ್: ಕೆಲವು ವರ್ಷಗಳ ಬಳಕೆಯ ನಂತರ

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಫೋಟೊ ತೆಗೆಯಲು ಮೋಟಾರು, ಕಂಪ್ಯೂಟರು ಇರುವ ದುಬಾರಿ ಟೆಲಿಸ್ಕೋಪೇ ಬೇಕೆಂಬ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ತಾರಸಿಯಲ್ಲಿರುವುದು ಎಂಟು ಇಂಚಿನ ಕನ್ನಡಿ, 1200 ಮಿ.ಮೀ. ನಾಭಿದೂರದ, ಕೈಯಿಂದಲೇ ತಿರುಗಿಸುವ ಸಾದಾ ಡಾಬ್ಸೋನಿಯನ್, ಅಂದರೆ ತಿರುಗುವ ಹಲಗೆಯ ಪೀಠದ ಮೇಲೆ ಕೂರುವ ಕನ್ನಡಿ ಟೆಲಿಸ್ಕೋಪ್. ನೆತ್ತಿಯ ಹತ್ತಿರ ನಿಲ್ದಾಣ ಸೆಕೆಂಡಿಗೆ ಸುಮಾರು ಒಂದು ಡಿಗ್ರಿ ಓಡುತ್ತದೆ. ನಕ್ಷತ್ರಗಳ ಹಿಂದೆ ನಿಧಾನವಾಗಿ ಸಾಗಲೆಂದು ಮಾಡಿದ ಮೋಟಾರಿಗೆ ಆ ವೇಗ ಎಟಕದು. ಪಳಗಿದ ಕೈಗೆ ಎಟಕುತ್ತದೆ.

ಹೊತ್ತು ಮುಳುಗುತ್ತಲೇ ಗುರುವಿಗೋ ಚಂದ್ರನಿಗೋ ಫೋಕಸ್ ಕೂರಿಸಿ ಸ್ಕ್ರೂ ಬಿಗಿಯುತ್ತೇನೆ. ಕ್ಯಾಮೆರಾದಲ್ಲಿ ವಿಡಿಯೊ ಓಡುತ್ತಿರುತ್ತದೆ, ಒಂದೊಂದು ಚಿತ್ರಕ್ಕೆ ಸೆಕೆಂಡಿನ ಸಾವಿರದಲ್ಲೊಂದು ಭಾಗ, ಇಲ್ಲವೇ ಅದಕ್ಕೂ ಕಡಿಮೆ. ಕಣ್ಣು ಫೈಂಡರಿನ (ಗುರಿ ಹಿಡಿಯಲು ಕೊಳವೆಗೆ ಕೂರಿಸಿದ ಪುಟ್ಟ ದುರ್ಬೀನು) ಅಡ್ಡಗೆರೆಯಲ್ಲಿ, ಕೈ ಕೊಳವೆಯ ಮೇಲೆ. ಸಾವಿರಾರು ಚಿತ್ರಗಳಲ್ಲಿ ಬಹುಪಾಲು ಖಾಲಿ. ಸಿಕ್ಕಿದ್ದರಲ್ಲಿ ಮಾತ್ರ ತಾಮ್ರದ ಬಣ್ಣದ ಸೌರಫಲಕಗಳು, ನಡುವೆ ಬೆಳ್ಳಗಿನ ಕೋಣೆಗಳು ಬೇರೆಬೇರೆಯಾಗಿಯೇ ಕಾಣುತ್ತವೆ. 109 ಮೀಟರ್ ಅಗಲದ ವಸ್ತು, 400 ಕಿ.ಮೀ. ಮೇಲೆ! ನೋಡಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಚೀನಾದ ನಿಲ್ದಾಣ ತಿಯಾಂಗಾಂಗ್ ಇದಕ್ಕಿಂತ ಚಿಕ್ಕದು, ಹಿಡಿಯುವುದು ಕಷ್ಟ.

ಸರಿಯಾಗಿ ನೆತ್ತಿಯ ಮೇಲೆಯೇ ಹಾದರೆ ಪೀಠವನ್ನು ಗರ್ರನೆ ತಿರುಗಿಸಬೇಕಾಗುತ್ತದೆ, ಅಲ್ಲೇ ಗುರಿ ತಪ್ಪುತ್ತದೆ. 60–70 ಡಿಗ್ರಿ ಎತ್ತರದ ಹಾದಿ ಇದಕ್ಕೆ ಹೇಳಿ ಮಾಡಿಸಿದ್ದು. ಸಂಜೆ ತಾರಸಿಯ ಕಾಂಕ್ರೀಟು ಬಿಸಿಯುಗುಳುತ್ತಿರುವುದರಿಂದ ಚಿತ್ರ ನಡುಗುತ್ತದೆ. ನನ್ನ ಒಳ್ಳೆಯ ಚಿತ್ರಗಳೆಲ್ಲ ನಸುಕಿನವು.

ಇನ್ನು ದೂರು. ಪೀಠ ಮರದ ಪುಡಿ ಒತ್ತಿ ಮಾಡಿದ ಹಲಗೆಯದು. ಮೊದಲ ಮಳೆಗಾಲಕ್ಕೇ ಅಂಚುಗಳು ಉಬ್ಬಿ, ತಿರುಗುವಾಗ ತಡೆಯತೊಡಗಿತು. ಮಾರಿದವರು ಕೈತೊಳೆದುಕೊಂಡರು. ಕರಾವಳಿಗೆ ಇಂಥದ್ದನ್ನು ಮಾರುವುದೇ ತಪ್ಪು. ಕೊನೆಗೆ ಬೋಟಿನ ಕೆಲಸ ಮಾಡುವ ಬಡಗಿಯೊಬ್ಬರು ಮರೈನ್ ಪ್ಲೈವುಡ್‌ನಲ್ಲಿ ಹೊಸ ಪೀಠ ಮಾಡಿಕೊಟ್ಟರು, ಈಗ ಬೆರಳಲ್ಲಿ ತಳ್ಳಿದರೂ ಸಾಕು. ಕನ್ನಡಿಗೆ ಬೂಷ್ಟು ಹಿಡಿಯದಂತೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿಲಿಕಾ ಜೆಲ್ ಇಟ್ಟು, ಆಗಾಗ ಒಣಗಿಸಿ ಬದಲಿಸುತ್ತೇನೆ. ನಮ್ಮ ದೇಶದ ಗಗನಯಾತ್ರಿ ಶುಭಾಂಶು ಶುಕ್ಲಾ ನಿಲ್ದಾಣದಲ್ಲಿದ್ದದ್ದು 2025ರ ಜೂನ್ 26ರಿಂದ ಜುಲೈ 14ರವರೆಗೆ, ನಮ್ಮ ಜಡಿಮಳೆಯ ಕಾಲದಲ್ಲಿ. ಆ ಬೇಸರ ಇನ್ನೂ ಆರಿಲ್ಲ.

ಆರು ಇಂಚಿನದು ಮೆಟ್ಟಿಲು ಹತ್ತಿಸಲು ಹಗುರ, ನಿಜ. ಆದರೆ ಆಕಾಶನೌಕೆಗಳ ಚಿತ್ರವೇ ಗುರಿಯಾಗಿದ್ದರೆ ಎಂಟು ಇಂಚಿನದನ್ನೇ ಕೊಳ್ಳಿ, ಪೀಠಕ್ಕೆಂದು ಸ್ವಲ್ಪ ಹಣ ಬೇರೆ ಎತ್ತಿಡಿ.